ಮೇಲೆ ಕೆಳಗೆ ಓಡಾಡಿದ ಲಾಬ್‌ಸ್ಟರ್ ಡಬ್ಬಿ

ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳು ಲೇಬಲ್ ಓದುತ್ತಿದ್ದಳು. ಸೂಪರ್‌ಮಾರ್ಕೆಟ್ಟಿನ ಉದ್ದನೆಯ ಫ್ರೀಜರ್‌ನಿಂದ ಏಳುತ್ತಿದ್ದ ತಣ್ಣನೆಯ ಹೊಗೆ ಅವಳ ಮೊಣಕೈವರೆಗೂ ಬಂದು ಕರಗುತ್ತಿತ್ತು. ಅವನು ಪಕ್ಕದಲ್ಲಿ ತಳ್ಳುಗಾಡಿ ಹಿಡಿದು ನಿಂತಿದ್ದ. ಏನಾದರೂ ಓದುವಾಗ ಅವಳ ಕೆಳದುಟಿ ಒಂದಿಷ್ಟೇ ಮುಂದೆ ಬರುತ್ತದೆ. ಇದನ್ನು ಅವನು ಎರಡು ವರ್ಷದ ಹಿಂದೆಯೇ ಕಂಡುಹಿಡಿದಿದ್ದ, ಯಾರಿಗೂ ಹೇಳಿರಲಿಲ್ಲ.

"ಇದು ಆಗಲೇ ಬೇಯ್ಸಿರೋದಂತೆ, ಬೀಗದೋರೆ. ಚಿಪ್ಪು ಬಿಡಿಸಿ, ಉಪ್ಪುನೀರಲ್ಲಿ ಹಾಕಿ, ಡಬ್ಬಿ ಮುಚ್ಚಿ, ಆಮೇಲೆ ಹೆಪ್ಪುಗಟ್ಟಿಸಿದಾರೆ."

"ಅಷ್ಟೆಲ್ಲ ಮಾಡಿದೋರು ತಿಂದೂ ಬಿಡಬಹುದಿತ್ತು."

ಅವಳು ನಕ್ಕಳು. ಕಣ್ಣು ಮಾತ್ರ ಲೇಬಲ್ ಬಿಟ್ಟು ಏಳಲಿಲ್ಲ.

ರಸ್ತೆಯವರಿಗೆಲ್ಲ ಅವನು ಬೀಗದವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀಗ ರಿಪೇರಿ, ಕಳೆದುಹೋದ ಕೀಗಳಿಗೆ ಹೊಸ ಕೀ. ಹಿಂದಿನ ಎರಡು ಕೋಣೆಯಲ್ಲಿ ಅವನೂ ಅವನನ್ನು ಸಾಕಿ ಬೆಳೆಸಿದ ಚಿಕ್ಕಮ್ಮನೂ. ಮಹಡಿಯ ಮೇಲೆ ಬಾಡಿಗೆಗೆ ಇದ್ದವಳು ಈ ಫಿಸಿಯೋ, ಎರಡು ರಸ್ತೆ ಆಚೆಯ ಕ್ಲಿನಿಕ್‌ನಲ್ಲಿ ಜನರ ಸೊಂಟ, ಮಂಡಿ, ಭುಜ ಸರಿಮಾಡುವವಳು. ಪ್ರತಿ ಭಾನುವಾರ ಇಬ್ಬರೂ ಒಟ್ಟಿಗೆ ಸಾಮಾನು ತರಲು ಹೋಗುತ್ತಿದ್ದರು. ಅವಳ ಚೀಲಗಳನ್ನು ಅವನೇ ಹೊತ್ತುಕೊಳ್ಳುತ್ತಿದ್ದ. ಬೇಡವೆಂದರೂ ಬಿಡುತ್ತಿರಲಿಲ್ಲ.

"ಎಷ್ಟು ಜನಕ್ಕಾಗುತ್ತಂತೆ?" ಎಂದು ಕೇಳಿದ.

"ಇಬ್ಬರಿಗೆ."

ಇಬ್ಬರಿಗೆ! ಅವನ ಎದೆ ಒಂದು ಕ್ಷಣ ಮಗುವಿನ ಹಾಗೆ ಕುಣಿಯಿತು. ಪಾಪ, ಕುಣಿಯಲಿ ಬಿಡಿ, ಹೆಚ್ಚು ಹೊತ್ತು ಇರಲಿಲ್ಲ.

"ಶನಿವಾರ ಸಂಜೆ ಕೋಚ್ ಊಟಕ್ಕೆ ಬರ್ತಿದಾರೆ," ಎಂದಳು ಅವಳು. "ಈಜು ಕಲಿಸ್ತಾರಲ್ಲ, ಭುಜ ನೋವು ಅಂತ ಬರ್ತಿದ್ರಲ್ಲ, ಅವ್ರು. ನನ್ನನ್ನ ಮದುವೆ ಆಗ್ತೀರಾ ಅಂತ ಕೇಳಿದಾರೆ. ಶನಿವಾರ ಊಟಕ್ಕೆ ಬನ್ನಿ, ಉತ್ತರ ಹೇಳ್ತೀನಿ ಅಂದಿದೀನಿ."

ಈಗ ಅವಳ ಕಣ್ಣು ಲೇಬಲ್ ಬಿಟ್ಟು ಎದ್ದಿತು. ಅವನ ಮುಖದ ಮೇಲೆ ಬಂದು ನಿಂತಿತು.

"ನೀವೇನಂತೀರ?"

ಅವನಿಗೆ ಹೇಳಲು ಬೇಕಾದಷ್ಟಿತ್ತು. ಆದರೆ ಹೇಳಿಬಿಟ್ಟು, ಅವಳು ಇಲ್ಲ ಎಂದುಬಿಟ್ಟರೆ? ಈ ಭಾನುವಾರಗಳೂ ಹೋಗುತ್ತವೆ, ಚೀಲ ಹೊರುವ ಪುಣ್ಯವೂ ಹೋಗುತ್ತದೆ. ದಿನವಿಡೀ ಕಂಡವರ ಬಾಗಿಲು ತೆರೆದುಕೊಡುವ ಮಹಾನುಭಾವನಿಗೆ ತನ್ನ ಬಾಯಿ ತೆರೆಯಲು ಬರಲಿಲ್ಲ. ಬಂದಾಗಲೂ ಏನು ಬಂತು ಅಂತೀರಿ?

"ಒಳ್ಳೆಯವರ ಹಾಗೆ ಕಾಣ್ತಾರೆ."

ಆ ಹೊತ್ತಿಗೆ ಸರಿಯಾಗಿ ಯಾರಾದರೂ ಅವನ ನಾಲಿಗೆಗೆ ಒಂದು ಬೀಗ ಜಡಿಯಬೇಕಿತ್ತು.

ಅವಳು ಡಬ್ಬಿಯನ್ನು ಗಾಡಿಯೊಳಗೆ ಇಟ್ಟಳು. ಮನೆ ತಲುಪುವ ತನಕ ಅವನಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ಮೆಟ್ಟಿಲ ಬಳಿ ನಿಂತು, "ನನ್ನ ಫ್ರೀಜರ್ ಬಾಗಿಲ ಚಿಲಕ ಮುರಿದಿದೆ, ಏನಿಟ್ರೂ ಕರಗಿ ಹೋಗುತ್ತೆ. ಇದನ್ನ ನಿಮ್ಮ ಫ್ರೀಜರಲ್ಲಿ ಇಟ್ಕೊಳ್ತೀರಾ?" ಎಂದಳು.

"ಚಿಲಕ ನಾನು ಹತ್ತು ನಿಮಿಷದಲ್ಲಿ ಹಾಕ್ಕೊಡ್ತೀನಲ್ಲ."

"ಆಮೇಲೆ ನೋಡೋಣ. ಶುಕ್ರವಾರ ಬೆಳಿಗ್ಗೆ ಮರೀದೆ ಕೆಳಗಿನ ಖಾನೆಗೆ ಇಳಿಸಿಬಿಡಿ. ಫ್ರಿಜ್ ಒಳಗೇ ನಿಧಾನಕ್ಕೆ ಕರಗಬೇಕಂತೆ, ಪೂರ್ತಿ ಒಂದು ದಿನ ಬೇಕಂತೆ."

ಹೀಗೆ ಅವನ ವೈರಿಯ ಊಟ ಅವನ ಮನೆಯೊಳಗೇ ಬಂದು ಕೂತಿತು.

ಸೋಮವಾರ ನೀರಿಗೆ ಐಸ್ ಹಾಕಿಕೊಳ್ಳೋಣವೆಂದು ಬಾಗಿಲು ತೆಗೆದರೆ ಡಬ್ಬಿ. ಮಂಗಳವಾರ ಬಟಾಣಿ ತೆಗೆಯಲು ಹೋದರೆ ಡಬ್ಬಿ. ಲೇಬಲ್ ಮೇಲೆ ಇಕ್ಕಳದಂಥ ಕೊಂಡಿಯ, ದೊಡ್ಡ ಸೀಗಡಿಯಂಥ ಕೆಂಪು ಲಾಬ್‌ಸ್ಟರ್‌ನ ಚಿತ್ರ. ಅದಕ್ಕೂ ಭುಜ ಅಗಲ, ಅದೂ ಈಜು ಬಲ್ಲದ್ದು. ಅವನು ಬಟಾಣಿ ಚೀಲವನ್ನು ಅದರ ಮೇಲೆ ಹೇರಿ ಬಾಗಿಲು ಹಾಕಿದ. ಐದು ನಿಮಿಷ ಬಿಟ್ಟು ಮತ್ತೆ ತೆಗೆದು ನೋಡಿದ.

ಅವಳು ಈ ಲಾಬ್‌ಸ್ಟರನ್ನು ಹೇಗೆ ಮಾಡಬಹುದು? ಬೆಣ್ಣೆಯಲ್ಲೇ ಇರಬೇಕು. ಬಡಿಸುವಾಗ ಕೂದಲನ್ನು ಕಿವಿಯ ಹಿಂದೆ ಸರಿಸುತ್ತಾಳೆ. ರುಚಿ ಹೇಗಿದೆ ಎಂದು ಕೇಳಿ ಉತ್ತರ ಬರುವ ತನಕ ಉಸಿರು ಬಿಗಿಹಿಡಿದು ನೋಡುತ್ತಾಳೆ. ಆ ನೋಟ ಆ ಮನುಷ್ಯನಿಗೆ ಸಿಗುತ್ತದೆ. ಇದನ್ನು ನೆನೆದರೆ ಅವನ ಹೊಟ್ಟೆಯೊಳಗೆ ಒಲೆ ಹೊತ್ತಿಕೊಳ್ಳುತ್ತಿತ್ತು.

"ಆ ಬಾಗಿಲು ಕಿತ್ತು ಬರುತ್ತೆ ಕಣೋ," ಎಂದರು ಚಿಕ್ಕಮ್ಮ, ಮೂಲೆಯ ಕುರ್ಚಿಯಿಂದ. "ಹೊಟ್ಟೆಕಿಚ್ಚಿಗೆ ಫ್ರಿಜ್ಜಲ್ಲಿ ಔಷಧಿ ಇಲ್ಲ."

"ಯಾರಿಗೆ ಹೊಟ್ಟೆಕಿಚ್ಚು? ನಾನು ಐಸ್ ನೋಡ್ತಿದ್ದೆ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾನು ನಿಂಗೆ ಅಂದ್ನಾ?"

ಬುಧವಾರ ಕೋಚ್ ಸ್ವತಃ ಅಂಗಡಿಗೆ ಬಂದ. ಈಜುಕೊಳದ ಲಾಕರ್‌ಗೆ ಇನ್ನೊಂದು ಕೀ ಬೇಕಿತ್ತು. ಎತ್ತರದ ಆಳು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬಂದ. ಬೀಗದವನು ಮೊಸರಲ್ಲಿ ಕಲ್ಲು ಹುಡುಕಲು ಶುರುಮಾಡಿದ. ಒರಟನೇ? ಇಲ್ಲ, ನಮಸ್ಕಾರ ಎಂದ. ಜಂಬವೇ? ಇಲ್ಲ, ಕೆಲಸ ಮುಗಿಯುವ ತನಕ ಸುಮ್ಮನೆ ನಿಂತು ಕೀ ಕೊರೆಯುವುದನ್ನು ನೋಡಿ, "ಎಷ್ಟು ಚೆನ್ನಾಗಿ ಮಾಡ್ತೀರಿ," ಎಂದ. ಒಂದು ಕಲ್ಲೂ ಸಿಗಲಿಲ್ಲ. ಮೊಸರೋ, ಗಟ್ಟಿ ಮೊಸರು.

"ನೀವು ಅವರ ಕೆಳಗಿನ ಮನೆಯವರಲ್ವಾ? ಅವರಿಗೆ ಯಾವ ಹೂವು ಇಷ್ಟ ಅಂತ ಗೊತ್ತಾ?"

ಗೊತ್ತಿತ್ತು. ಹಳದಿ ಗುಲಾಬಿ, ಅದೂ ಪೂರ್ತಿ ಅರಳದ್ದು.

"ಗೊತ್ತಿಲ್ಲ ಸಾರ್," ಎಂದ ಬೀಗದವನು.

ಆ ದಿನವಿಡೀ ಆ ಸುಳ್ಳು ಅವನಿಗೆ ಬಿಸಿ ತುಪ್ಪದ ಹಾಗಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಕೀ ಮಾತ್ರ ಸರಿಯಾಗಿಯೇ ಮಾಡಿಕೊಟ್ಟಿದ್ದ. ಹೊಟ್ಟೆಕಿಚ್ಚು ಎಷ್ಟೇ ಇರಲಿ, ಕೆಟ್ಟ ಕೀ ಕೊಟ್ಟು ಕಳಿಸುವ ಜಾತಿಯವನಲ್ಲ ಅವನು.

ಶುಕ್ರವಾರ ಬೆಳಿಗ್ಗೆ ಹೇಳಿದ ಹಾಗೆ ಡಬ್ಬಿಯನ್ನು ಕೆಳಗಿಳಿಸಿ, ಮೊಸರಿನ ಪಾತ್ರೆಯ ಪಕ್ಕ ಇಟ್ಟ. ಮಾತು ಮಾತೇ. ಅಂಗಡಿಯಲ್ಲಿ ಕೂತು ಒಂದು ಹಳೆಯ ಬೀಗ ಬಿಚ್ಚಿದ. ಅದರ ಸ್ಪ್ರಿಂಗ್ ಹಾರಿ ಎಲ್ಲೋ ಬಿತ್ತು, ಹುಡುಕಲು ಮನಸ್ಸಾಗಲಿಲ್ಲ. ಒಳಗೆ ಡಬ್ಬಿ ಹನಿ ಹನಿಯಾಗಿ ಕರಗುತ್ತಿದೆ. ಅದು ಕರಗಿದಷ್ಟೂ ಶನಿವಾರ ಹತ್ತಿರ ಬರುತ್ತದೆ.

ಮೂರು ಗಂಟೆಗೆ ಎದ್ದು ಹೋದ. ಡಬ್ಬಿ ತೆಗೆದು ಮತ್ತೆ ಫ್ರೀಜರ್‌ಗೆ ತಳ್ಳಿದ. ಮೇಲೆ ಬಟಾಣಿ ಚೀಲ ಹೇರಿದ. ಅಡುಗೆ ಕಟ್ಟೆಯ ಹತ್ತಿರ ನಿಂತಿದ್ದ ಚಿಕ್ಕಮ್ಮ ಎಲ್ಲವನ್ನೂ ನೋಡಿದರು. ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಹೆದರಬೇಕು, ಆದರೆ ಅವನಿಗೆ ಆಗ ಅಷ್ಟೆಲ್ಲ ಯೋಚಿಸುವ ಬುದ್ಧಿ ಎಲ್ಲಿತ್ತು?

ಕಲ್ಲಿನ ಹಾಗಿರುವ ಲಾಬ್‌ಸ್ಟರನ್ನು ಯಾರು ತಿನ್ನುತ್ತಾರೆ, ತಿನ್ನಲಿ ನೋಡೋಣ ಎಂದುಕೊಂಡು ಮಲಗಿದ. ಬೆಳಗಾಗುವಷ್ಟರಲ್ಲಿ ಆ ಸೇಡಿನ ರುಚಿಯೆಲ್ಲ ಇಳಿದುಹೋಗಿತ್ತು. ಭಾನುವಾರ ಅವಳು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದು ನೆನಪಾಯಿತು. ಸಂಜೆ ಅವಳು ಅತಿಥಿಯ ಮುಂದೆ ಸಪ್ಪೆ ಮುಖ ಮಾಡಿ ನಿಲ್ಲುವುದು ಕಣ್ಣಿಗೆ ಕಟ್ಟಿತು. ಥೂ ನನ್ನ ಜನ್ಮಕ್ಕೆ ಎಂದು ಎದ್ದು ಹೋಗಿ ಡಬ್ಬಿಯನ್ನು ಕೆಳಗಿಳಿಸಿದ. ಆದರೆ ಹೊತ್ತು ಮೀರಿತ್ತು.

ಶನಿವಾರ ನಾಲ್ಕು ಗಂಟೆಗೆ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದ. ಬಾಗಿಲು ತೆಗೆದವಳು ಹಸಿರು ಬಟ್ಟೆ ಹಾಕಿದ್ದಳು. ಮೇಜಿನ ಮೇಲೆ ಎರಡು ತಟ್ಟೆ, ಎರಡು ಗ್ಲಾಸು. ಆ ಎರಡನೇ ತಟ್ಟೆಯನ್ನು ನೋಡಿದ್ದೇ ಅವನ ಹೊಟ್ಟೆಯ ಒಲೆ ಮತ್ತೆ ಹೊತ್ತಿಕೊಂಡಿತು.

ಅವಳು ಡಬ್ಬಿಯನ್ನು ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ನೀರಿನ ಸದ್ದು ಬರಲಿಲ್ಲ, ಗಡ್ಡೆಯೊಂದು ಕುಲುಕಿತು.

"ಒಳಗಿನ್ನೂ ಕಲ್ಲು."

"ಮರೆ..." ಎಂದು ಶುರುಮಾಡಿದವನು ನಿಲ್ಲಿಸಿದ.

"ಮರೆತ್ರಾ? ರಸ್ತೆಯಲ್ಲಿ ಯಾರ ಮನೆ ಬಾಗಿಲಿಗೆ ಯಾವ ಕೀ ಅಂತ ನೆನಪಿಟ್ಕೊಂಡಿರೋರು ನೀವು. ಇದೊಂದು ಮರೆತ್ರಾ?"

ಅವಳು ಬಕೆಟ್ ತಂದು ತಣ್ಣೀರು ತುಂಬಿ ಡಬ್ಬಿಯನ್ನು ಅದರೊಳಗೆ ಮುಳುಗಿಸಿದಳು. "ಬಿಸಿನೀರು ಹಾಕಬಾರದು. ಅರ್ಧ ಗಂಟೆಗೊಮ್ಮೆ ತಣ್ಣೀರು ಬದಲಾಯಿಸ್ತಾ ಇರಬೇಕು. ಕೂತ್ಕೊಳ್ಳಿ, ತಪ್ಪು ಮಾಡಿದೋರೇ ಕಾಯ್ಬೇಕು."

ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತರು, ನಡುವೆ ಬಕೆಟ್. ಡಬ್ಬಿ ತೇಲುತ್ತದೆಯೋ ಎಂಬ ಹಾಗೆ ಅವಳು ಒಂದು ಬೆರಳಿನಿಂದ ಅದನ್ನು ಒತ್ತಿ ಹಿಡಿದಿದ್ದಳು. ಅದು ತೇಲುವಂಥದ್ದಲ್ಲ. ಅವನಿಗೆ ಆ ಬೆರಳನ್ನು ನೋಡದೆ ಇರಲಾಗಲಿಲ್ಲ. ಅವನು ನೋಡುತ್ತಿದ್ದಾನೆಂದು ಗೊತ್ತಿದ್ದೂ ಅವಳು ಬೆರಳು ತೆಗೆಯಲಿಲ್ಲ.

"ಮರೆತಿರಲಿಲ್ಲ," ಎಂದ ಅವನು, ಬಕೆಟ್ಟಿಗೆ ಹೇಳುವವನ ಹಾಗೆ. "ನಿನ್ನೆ ಬೆಳಿಗ್ಗೆ ಇಳಿಸಿದ್ದೆ. ಮಧ್ಯಾಹ್ನ ಬೇಕಂತಲೇ ಮೇಲಿಟ್ಟೆ. ಇವತ್ತು ಬೆಳಿಗ್ಗೆ ಮತ್ತೆ ಇಳಿಸಿದೆ."

"ಯಾಕೆ?"

"ನೀವು ಅವರಿಗೆ ಅಡುಗೆ ಮಾಡೋದು ನಂಗೆ ಇಷ್ಟ ಇಲ್ಲ. ಅವರು ಒಳ್ಳೆಯವರು, ಅದೂ ಇಷ್ಟ ಇಲ್ಲ. ನಿಮಗೆ ಯಾವ ಹೂವು ಇಷ್ಟ ಅಂತ ಕೇಳಿದ್ರು, ಗೊತ್ತಿಲ್ಲ ಅಂತ ಸುಳ್ಳು ಹೇಳ್ದೆ. ಒಂದು ವಾರದಿಂದ ಒಂದು ತಗಡಿನ ಡಬ್ಬಿ ಮೇಲೆ ಹೊಟ್ಟೆಕಿಚ್ಚು ಪಡ್ತಿದೀನಿ." ಅವನು ಬಕೆಟ್ಟಿನಿಂದ ಕಣ್ಣೆತ್ತಿದ. "ನಂಗೆ ನೀವು ಬೇಕು. ಭಾನುವಾರ ಅಂಗಡೀಲೇ ಹೇಳ್ಬೇಕಿತ್ತು. ಹೇಳೋಕೆ ಬರಲಿಲ್ಲ."

ಅವಳು ಡಬ್ಬಿಯನ್ನು ನೀರೊಳಗೆ ಒಮ್ಮೆ ಹೊರಳಿಸಿದಳು.

"ನೀರು ಬದಲಾಯಿಸಿ," ಎಂದಳು.

ಇಷ್ಟೇ. ಒಬ್ಬ ಮನುಷ್ಯ ಎರಡು ವರ್ಷ ಬಚ್ಚಿಟ್ಟಿದ್ದನ್ನು ನೆಲದ ಮೇಲೆ ಸುರಿದರೆ ಸಿಕ್ಕಿದ ಉತ್ತರ ಇಷ್ಟೇ. ಅವನು ಎದ್ದು ನೀರು ಬದಲಾಯಿಸಿದ. ಆಮೇಲೆ ಇನ್ನೊಮ್ಮೆ, ಮತ್ತೂ ಒಮ್ಮೆ ಬದಲಾಯಿಸಿದ.

ಡಬ್ಬಿ ಕರಗಿದ ಮೇಲೆ ಮುಚ್ಚಳ ಕತ್ತರಿಸಿದವನೂ ಅವನೇ. ಎಂಥೆಂಥ ಬೀಗ ತೆರೆದ ಕೈ ಆ ತಗಡಿನ ಮೇಲೆ ಎರಡು ಸಲ ಜಾರಿತು. ಉಪ್ಪುನೀರನ್ನು ಜರಡಿಯಲ್ಲಿ ಬಸಿದರು. ಕೆಂಪು ಅಂಚಿನ ಬಿಳಿ ಮಾಂಸ, ಕೊಂಡಿಯ ತುಂಡು, ಬಾಲದ ತುಂಡು. ಅವಳು ಅವನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ಒತ್ತಿ ನೀರು ತೆಗೆದಳು. ನೋವಿರುವ ಭುಜವನ್ನು ಹೀಗೇ ಒತ್ತುತ್ತಾಳೇನೋ ಎಂದು ಅವನಿಗೆ ಅನ್ನಿಸಿತು. ಕೋಚ್‌ನ ಭುಜ ನೆನಪಾಗಿ ಮತ್ತೆ ಉರಿಯಿತು.

ಸಣ್ಣ ಉರಿಯಲ್ಲಿ ಬೆಣ್ಣೆ ಕರಗಿತು. ಜಜ್ಜಿದ ಬೆಳ್ಳುಳ್ಳಿ ಬಿತ್ತು. ಆಮೇಲೆ ಲಾಬ್‌ಸ್ಟರ್. ಅವನು ಗಾಬರಿಯಲ್ಲಿ ಉರಿ ಜಾಸ್ತಿ ಮಾಡಲು ಹೋದ, ಅವಳು ಅವನ ಕೈ ಹಿಡಿದು ತಡೆದಳು.

"ಬೇಡ. ಆಗಲೇ ಬೆಂದಿರೋದನ್ನ ಮತ್ತೆ ಬೇಯಿಸಿದ್ರೆ ರಬ್ಬರ್ ಆಗುತ್ತೆ. ಬಿಸಿಯಾದ್ರೆ ಸಾಕು."

ಕೈಯನ್ನು ಅವಳು ಕೂಡಲೇ ಬಿಡಲಿಲ್ಲ. ಅವನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಹೆದರಿದ. ಮೂರೇ ನಿಮಿಷ, ಒಲೆ ಆರಿಸಿದಳು, ನಿಂಬೆ ಹಿಂಡಿದಳು. ಅಡುಗೆಮನೆ ತುಂಬ ಬೆಣ್ಣೆಯ ಘಮ.

"ಸರಿ, ನಾನಿನ್ನು ಬರ್ತೀನಿ," ಎಂದ ಅವನು ಕೈ ಒರೆಸಿಕೊಳ್ಳುತ್ತ. "ಏಳಾಯ್ತು. ಅವರು ಬರೋ ಹೊತ್ತು. ಹಳದಿ ಗುಲಾಬಿ ಅಂತ ಹೇಳಿಬಿಡಿ ಅವರಿಗೆ."

"ಅವರು ಬರಲ್ಲ."

ಅವನು ಬಾಗಿಲ ಹತ್ತಿರವೇ ನಿಂತುಬಿಟ್ಟ.

"ನಿನ್ನೆ ಮಧ್ಯಾಹ್ನ ಊಟದ ಹೊತ್ತಲ್ಲಿ ಹಿಂಬಾಗಿಲಿಂದ ನಿಮ್ಮ ಮನೆಗೆ ಬಂದಿದ್ದೆ," ಎಂದಳು ಅವಳು ಬಡಿಸುತ್ತಲೇ. "ನೀವು ಅಂಗಡೀಲಿದ್ರಿ. ಡಬ್ಬಿ ಮೊಸರಿನ ಪಕ್ಕ ಆರಾಮಾಗಿ ಕೂತಿತ್ತು. ಸರಿ, ಇವರೇ ಕೈಯಾರೆ ನನ್ನ ಕಳಿಸಿಕೊಡ್ತಿದಾರೆ ಅಂದ್ಕೊಂಡೆ. ಮೇಲೆ ಬಂದು ಅತ್ತೆ. ಚೆನ್ನಾಗೇ ಅತ್ತೆ. ಅವರಿಗೆ ಹೂಂ ಅಂದುಬಿಡೋಣ ಅಂತಲೂ ತೀರ್ಮಾನ ಮಾಡ್ದೆ."

"ಆಮೇಲೆ?"

"ಸಂಜೆ ನಿಮ್ಮ ಚಿಕ್ಕಮ್ಮ ಮೆಟ್ಟಿಲ ಕೆಳಗಿಂದ ಕೂಗಿದ್ರು. ಬಾರೇ, ನಮ್ಮ ಫ್ರಿಜ್ಜಲ್ಲಿ ಒಂದು ತಮಾಷೆ ತೋರಿಸ್ತೀನಿ ಅಂತ. ಬಂದು ನೋಡಿದ್ರೆ ಡಬ್ಬಿ ಮೇಲೆ ಹತ್ತಿತ್ತು, ಬಟಾಣಿ ಚೀಲದ ಅಡಿಯಲ್ಲಿ." ಅವಳ ಕೆಳದುಟಿ ನಡುಗಿತು, ನಗುವಿಗೋ ಅಳುವಿಗೋ ಅವನಿಗೆ ತಿಳಿಯಲಿಲ್ಲ. "ಅಲ್ಲೇ ನಿಂತು ಕೋಚ್‌ಗೆ ಫೋನ್ ಮಾಡ್ದೆ. ಬರಬೇಡಿ, ನನ್ನ ಮನಸ್ಸು ಬೇರೆ ಕಡೆ ಇದೆ ಅಂದೆ. ಒಳ್ಳೆಯವರು, ಬೈಯಲಿಲ್ಲ."

"ಮತ್ತೆ ಇಷ್ಟು ಹೊತ್ತು ನನ್ನ ಕೈಲಿ ನೀರು ಬದಲಾಯಿಸಿದ್ದು?"

"ನಾನು ಎರಡು ವರ್ಷ ಕಾದಿದೀನಿ. ನೀವು ಮೂರು ಗಂಟೆ ಕಾಯಬಾರದಾ?"

ಅವನು ವಾಪಸ್ ಬಂದು ಕುರ್ಚಿ ಎಳೆದು ಕೂತ. ಎರಡನೇ ತಟ್ಟೆಯ ಮುಂದೆ. ವಾರವಿಡೀ ಶಾಪ ಹಾಕಿಸಿಕೊಂಡ ಲಾಬ್‌ಸ್ಟರ್ ಬೆಣ್ಣೆಯಲ್ಲಿ ಹೊಳೆಯುತ್ತಿತ್ತು. ಒಂದು ತುಂಡು ಬಾಯಿಗಿಟ್ಟ. ಅವಳು ಕೂದಲನ್ನು ಕಿವಿಯ ಹಿಂದೆ ಸರಿಸಿ, ಉಸಿರು ಬಿಗಿಹಿಡಿದು ಅವನನ್ನೇ ನೋಡಿದಳು.

"ಹೇಗಿದೆ?"

ಆ ನೋಟ ಇನ್ನೊಂದಿಷ್ಟು ಹೊತ್ತು ಇರಲಿ ಎಂದು ನಿಧಾನವಾಗಿ ಅಗಿದ.

"ಸ್ವಲ್ಪ ರಬ್ಬರ್," ಎಂದ.

"ನೀವು ಮೇಲೆ ಕೆಳಗೆ ಓಡಾಡಿಸಿದ್ದಕ್ಕೆ. ತಿನ್ನಿ ಸುಮ್ನೆ."

ಇಬ್ಬರೂ ತಿಂದರು. ಕೊನೆಯ ತುಂಡು ಯಾರಿಗೆ ಎಂದು ಜಗಳವಾಡಿ ಅದನ್ನೂ ಹಂಚಿಕೊಂಡರು. ತಟ್ಟೆ ತೊಳೆಯುವಾಗ ಅವನ ಕಣ್ಣು ಅವಳ ಫ್ರಿಜ್ ಮೇಲೆ ಬಿತ್ತು. ಫ್ರೀಜರ್ ಬಾಗಿಲು ಅರ್ಧ ತೆರೆದು ಜೋತಾಡುತ್ತಿತ್ತು.

"ನಾಳೆ ಬೆಳಿಗ್ಗೆ ಸಾಮಾನು ತರೋಕೆ ಹೋಗೋ ಮೊದಲು ಆ ಚಿಲಕ ಹಾಕ್ಕೊಡ್ತೀನಿ."

"ಬೇಡ," ಎಂದಳು ಅವಳು, ಅವನ ಕೈಯಿಂದ ಒದ್ದೆ ತಟ್ಟೆ ತೆಗೆದುಕೊಳ್ಳುತ್ತ. "ನಂಗೆ ಕೆಳಗಿನ ಮನೆ ಫ್ರಿಜ್ಜೇ ಸಾಕು. ಅದರಲ್ಲಿ ಇಟ್ರೆ, ನಿನ್ನ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗುತ್ತೆ."