ಅಕ್ರೋಟ್ ಮರದಡಿಯ ಪೀಪಾಯಿ

ಒಂದಾನೊಂದು ಊರಿನಲ್ಲಿ ಒಬ್ಬ ಅಪ್ಪ, ಮಗಳು ಹುಟ್ಟಿದ ದಿನವೇ ಅವಳ ಮದುವೆಯನ್ನು ಮಣ್ಣಿನಲ್ಲಿ ಹೂತಿಟ್ಟಿದ್ದನಂತೆ.

ಊರು ಮೊರಾವಾ ನದಿಯ ದಂಡೆಯದು. ಅಪ್ಪ ವುಕಾಶಿನ್. ಹಿತ್ತಲ ಅಕ್ರೋಟ್ ಮರದ ಬುಡದಲ್ಲಿ ಹೂತದ್ದು ಪ್ಲಮ್ ಹಣ್ಣಿನಿಂದ ಇಳಿಸಿದ ರಾಕಿಯಾ ಎಂಬ ಮದ್ಯ ತುಂಬಿದ ಪುಟ್ಟ ಪೀಪಾಯಿ. ಮಗಳ ಮದುವೆಯಲ್ಲೇ ಅದರ ಬಿರಡೆ ತೆಗೆಯಬೇಕು.

ಆ ಮಗಳು ನೆವೆನಾ. ಈಗ ಅವಳು ಡಾಕ್ಟರ್ ಓಗ್ನೆನ್‌ನ ಸೌದೆ ಕೊಟ್ಟಿಗೆಯಲ್ಲಿ ಕಲ್ಲಾಗಿ ನಿಂತಿದ್ದಳು. ಎದುರಿಗೆ ಅದೇ ಪೀಪಾಯಿ! ಮುಚ್ಚಳದ ಮೇಲೆ ಅಪ್ಪ ಚಾಕುವಿನಿಂದ ಕೊರೆದ ಅವಳದೇ ಹೆಸರು...

‘ಮದುವೆ ಆಗ್ತೀಯಾ’ ಎಂದು ಹೋದ ವಾರ ಕೇಳಿದ್ದ ಓಗ್ನೆನ್. ಉತ್ತರ ಕೊಡಲೆಂದೇ, ಅವನು ಸೌದೆ ಒಡೆಯುತ್ತಿದ್ದ ಇಲ್ಲಿಗೆ ಬಂದಿದ್ದಳು.

"ಇದು ಇಲ್ಲಿಗೆ ಹೇಗೆ ಬಂತು?"

ಅವನು ಕೊಡಲಿ ಕೆಳಗಿಟ್ಟ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ಕುಡಿತದಲ್ಲಿ ಮುಳುಗಿದ್ದ. ‘ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ, ಇಳಿಸ್ತಾ ಬನ್ನಿ’ ಎಂದು ಚಿಕ್ಕ ಲೋಟ ಕೊಟ್ಟು, ಊಟವಾದ ಮೇಲಷ್ಟೇ ಕುಡಿಯುವಂತೆ ಮಾಡಿದ್ದವನು ಈ ಓಗ್ನೆನ್. ಅವಳು ಸೋತದ್ದು ಆ ತಾಳ್ಮೆಗೇ.

"ಅಪ್ಪನಿಗೆ ಕಮ್ಮಿ ಮಾಡಿ ಅಂತ ಬುದ್ಧಿಮಾತು. ಪೀಪಾಯಿ ಮಾತ್ರ ನಿಮ್ಮನೆಗೆ. ಫೀಸಿನ ಬದಲು ಊರವರು ಕೊಡೋ ಒಂದೊಂದು ಬಾಟಲಿ ಸಾಲ್ದಾಯ್ತಾ, ಡಾಕ್ಟ್ರೇ?"

ನೀನು ಎನ್ನುತ್ತಿದ್ದವಳ ಬಾಯಲ್ಲಿ ‘ಡಾಕ್ಟ್ರೇ’ ಕೇಳಿ ಅವನ ಮುಖ ಬಿಳುಚಿತು.

"ನಾನು ಹೇಳೋ ಹಾಗಿಲ್ಲ, ನೆವೆನಾ. ಹೇಳಬೇಕಾದವರು ಬೇರೆ."

‘ನಂಬಿದವನೇ ನನ್ನ ಮದುವೆಯನ್ನು ಅಗೆದು ತಂದನಲ್ಲ...’ ದಾರಿಯುದ್ದಕ್ಕೂ ಅವಳ ಕಣ್ಣು ಒಣಗಲಿಲ್ಲ.

ಮನೆಯಲ್ಲಿ ಅಪ್ಪ ಸಾರಿಗೆ ರೊಟ್ಟಿ ಅದ್ದುತ್ತಿದ್ದ.

"ಅಪ್ಪಾ, ಆ ಡಾಕ್ಟರ್ ಸಹವಾಸ ಸಾಕು. ಅವನು ಕಳ್ಳ. ಪೀಪಾಯಿ ಅವನ ಕೊಟ್ಟಿಗೇಲಿದೆ."

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು.

"ಕದ್ದಿದ್ದಲ್ಲ ಮಗಳೇ. ನಾನೇ ಕೈಗಾಡೀಲಿ ಹೇರ್ಕೊಂಡು ಹೋಗಿ ಕೊಟ್ಟೆ."

"ಯಾಕಪ್ಪಾ?"

"ಒಂದಿನ ತಡ್ಕೊಳೋಕೆ ಆಗ್ಲಿಲ್ಲ. ಮರದ ಬುಡ ಅಗೆದೆ. ಬಿರಡೆ ಮೇಲೆ ಕೈ ಇಟ್ಟೆ. ನಿನ್ನ ಹೆಸರು ಕಾಣಿಸ್ತು... ನಿನ್ನ ಮದುವೇನೇ ಕುಡಿದುಬಿಡ್ತಿದ್ದೆ ಕಣಮ್ಮಾ. ‘ಇಟ್ಕೋತೀನಿ, ಆದ್ರೆ ಮಗಳಿಗೆ ನೀವೇ ಹೇಳ್ಬೇಕು’ ಅಂದ್ರು ಡಾಕ್ಟ್ರು. ಹೂಂ ಅಂದಿದ್ದೆ. ಬಾಯಿ ಬರ್ಲಿಲ್ಲ."

ನೆವೆನಾ ಅಪ್ಪನ ಕೈಯನ್ನು ಕೆನ್ನೆಗೊತ್ತಿಕೊಂಡಳು. ಆಮೇಲೆ ಇಬ್ಬರೂ ಓಗ್ನೆನ್ ಮನೆಗೆ ನಡೆದರು.

"ಹೇಳಿದೆ ಡಾಕ್ಟ್ರೇ," ಎಂದ ಅಪ್ಪ, ಬಾಗಿಲಲ್ಲೇ.

ಅವಳು ಓಗ್ನೆನ್‌ನ ಹತ್ತಿರ ಬಂದಳು. "ನಾನು ಅಷ್ಟೆಲ್ಲ ಅಂದೆ. ಒಂದು ಮಾತು ಹೇಳ್ಬಾರ್ದಿತ್ತಾ?"

"ನಂಬಿ ಕೊಟ್ಟ ಗುಟ್ಟು ಅದು. ನಿಂಗೂ ಹೇಳೋ ಹಾಗಿರ್ಲಿಲ್ಲ."

"ಹಾಗಿದ್ರೆ ನಂದೂ ಒಂದು ಗುಟ್ಟು ಇಟ್ಕೋ."

ಅವನು ಬಾಗಿದ. ಅವಳು ಕಿವಿಯಲ್ಲಿ ಪಿಸುಗುಟ್ಟಿದಳು.

"ಆಗ್ತೀನಿ."