ಬಸ್ಸಿನ ಹಿಂದೆ ಬಂದ ಬೈಕ್

ತೇರಗಾಂವದ ಸ್ಟಾಪಿನಲ್ಲಿ ಸುಮಿತಾಳನ್ನು ಬಸ್ಸು ಹತ್ತಿಸಿದ ಗಂಡ ಉದಯಕುಮಾರ, ಅವತ್ತೂ ತನ್ನ ಬೈಕಿನಲ್ಲಿ ಬಸ್ಸಿನ ಹಿಂದೆಯೇ ಹಳಿಯಾಳಕ್ಕೆ ಹೊರಟ. ಬಸ್ಸು ನಿಂತರೆ ತಾನೂ ನಿಲ್ಲುವನು, ಹೊರಟರೆ ತಾನೂ ಹೊರಡುವನು.

ಕೊನೆಯ ಸೀಟಿನಿಂದ ಸುಮಿತಾ ಅವನನ್ನೇ ನೋಡುತ್ತಿದ್ದಳು. ಕಣ್ಣು ಕೂಡಿತೋ, ಅವನು ನಕ್ಕಹಾಗೆ ಮಾಡಿ ಹೆಲ್ಮೆಟ್ಟಿನ ಗಾಜು ಎಳೆದುಕೊಳ್ಳುವನು. ಗಣೇಶಗುಡಿಯ ರಾಫ್ಟಿಂಗ್ ಕೆಲಸಕ್ಕೆ ರಜೆ ಹಾಕಿ, ಅವಳನ್ನು ಹಿಂದೆ ಕೂರಿಸಿಕೊಂಡು ಊರೂರು ಸುತ್ತಿಸಿದವನು ಇವನೇ. ಎರಡನೇ ಸಲವೂ ಎರಡು ತಿಂಗಳಿಗೇ ಬಸಿರು ಇಳಿದಿತ್ತು. ಅಂದಿನಿಂದ ಆ ಹಿಂದಿನ ಸೀಟು ಖಾಲಿ.

ಅವಳ ತೊಡೆಯ ಮೇಲಿನ ಚೀಲದಲ್ಲಿ ನಾಲ್ಕು ಸೀರೆಗಳಿದ್ದವು. ಇಳಿದ ಬಸಿರನ್ನು ಪರೀಕ್ಷೆ ಮಾಡಿದ ಲ್ಯಾಬಿನ ರಿಪೋರ್ಟ್ ಇವತ್ತು ಬರುವುದಿತ್ತು. ತಪ್ಪು ತನ್ನದೆಂದಾದರೆ ಹಳಿಯಾಳದಿಂದಲೇ ಮುಂಡಗೋಡದ ಬಸ್ಸು ಹಿಡಿದು, ಚಿಗಳ್ಳಿಯ ತವರಿಗೆ ಹೋಗಿಬಿಡುವುದು. ಮುಖ ತಪ್ಪಿಸುವವನನ್ನು ಕಟ್ಟಿಹಾಕಿಕೊಂಡು ಏನು ಬಂತು?

ಹಳಿಯಾಳದ ಆಸ್ಪತ್ರೆಯಲ್ಲಿ ಡಾಕ್ಟರ್ ಸುನಂದಾ ರಿಪೋರ್ಟನ್ನು ಇಬ್ಬರ ಮುಂದೆಯೂ ಇಟ್ಟರು.

“ತಾಯಿಂದ ಇಪ್ಪತ್ಮೂರು, ತಂದಿಂದ ಇಪ್ಪತ್ಮೂರು ಕ್ರೋಮೋಸೋಮ್ ಕೂಡಿ ಕೂಸು ಆಗ್ತೈತಿ. ನಿಮ್ಮ ಕೂಸಿಗೆ ಒಂದು ಹೆಚ್ಚಿಗಿ ಬಂದಿತ್ತು. ಅದಕ್ಕ ಕೂಸು ಬೆಳಿಲಿಲ್ಲವ್ವಾ. ಶುರುವಿಗೇ ಹೋಗೂ ಬಸಿರಿನ್ಯಾಗ ಅರ್ಧದಷ್ಟು ಹಿಂಗ ಹೋಗ್ತಾವು.”

ಸುಮಿತಾ ತಲೆ ತಗ್ಗಿಸಿದಳು. “ನಾ ಪಪ್ಪಾಯಿ ತಿಂದಿದ್ದೆರಿ. ಕದ್ದು. ಅರ್ಧ ಹಣ್ಣು.”

“ಅದಲ್ಲರಿ ಡಾಕ್ಟರ್,” ಎಂದ ಉದಯಕುಮಾರ. “ನಾ ಆಕಿನ್ನ ಬೈಕ್ ಮ್ಯಾಲ ಗಣೇಶಗುಡಿಗೆ ಕರಕೊಂಡು ಹೋಗಿದ್ದೆ. ದಾರಿ ತುಂಬ ತಗ್ಗು.”

ಸುಮಿತಾ ಥಟ್ಟನೆ ಅವನತ್ತ ತಿರುಗಿದಳು.

“ಪಪ್ಪಾಯಿಗೂ ಬೈಕಿಗೂ ಕ್ರೋಮೋಸೋಮ್ ಹೆಚ್ಚು ಮಾಡೂ ತಾಕತ್ತಿಲ್ಲ,” ಎಂದರು ಡಾಕ್ಟರ್. “ಇದು ಕೂಸು ಮೂಡಿದಾಗನ ಆಗಿಹೋಗಿತ್ತು. ಯಾರದೂ ತಪ್ಪಲ್ಲ. ಎರಡು ಸಲ ಆಗೇತಿ ಅಂತ ಇಬ್ಬರದೂ ರಕ್ತ ಪರೀಕ್ಷಾ ಮಾಡ್ಸೂಣು. ಆದ್ರ ಮುಂದ ಒಳ್ಳೇದಾಗೂದ ಹೆಚ್ಚು.”

ಇಬ್ಬರೂ ಹೊರಗೆ ಬೈಕಿನ ಪಕ್ಕಕ್ಕೆ ಬಂದರು. ಸುಮಿತಾ ಅತ್ತಳು. ತಪ್ಪಿನ ಭಾರವಿಲ್ಲದೆ, ಇದೇ ಮೊದಲ ಸಲ ಬರೀ ಕೂಸಿಗಾಗಿ ಅತ್ತಳು.

“ನನ್ನ ಮ್ಯಾಲ ಸಿಟ್ಟಿರಲಿಲ್ಲೇನ್ರಿ?”

“ನಿನ್ನ ಮ್ಯಾಲ? ನಿನ್ನ ಮಾರಿ ನೋಡಾಕ ನಾನ ಹೆದರಿದ್ದೆ.”

“ಮತ್ತ ಬಸ್ಸಿನ ಹಿಂದ ಯಾಕ ಬರ್ತಿದ್ರಿ?”

“ತಗ್ಗು ಬಂದಾಗ ಡ್ರೈವರ್ ಸಾವಕಾಶ ಹೊಡಿತಾನೋ ಇಲ್ಲೋ ನೋಡಾಕ. ಒಮ್ಮೆ ಅವನ ಜೋಡಿ ಜಗಳಾನೂ ಆಡೇನಿ.”

ಕಣ್ಣೊರೆಸಿಕೊಳ್ಳುತ್ತಲೇ ಅವಳಿಗೆ ನಗು ಬಂತು. ಅವನು ಚೀಲ ಇಸಿದುಕೊಂಡ. “ಇಷ್ಟು ಭಾರ ಯಾಕ?”

“ಸೀರಿ. ಚಿಗಳ್ಳಿಗೆ ಹೋಗಿಬಿಡೂಣು ಅಂತ ಮಾಡಿದ್ದೆ.”

ಅವನ ಕೈ ಅಲ್ಲೇ ನಿಂತಿತು. “ಈಗ?”

“ಈಗ ಮನಿಗೆ. ಬಸ್ ಒಲ್ಲೆ.”

ಅವನು ಚೀಲವನ್ನು ಟ್ಯಾಂಕಿನ ಮೇಲಿಟ್ಟುಕೊಂಡು, ಹಿಂದಿನ ಸೀಟಿನ ಧೂಳನ್ನು ಅಂಗೈಯಿಂದ ಒರೆಸಿದ. ಒಂದು ಸಲ ಸಾಲದೆಂದು ಇನ್ನೊಂದು ಸಲ.

ಊರಿನ ದಾರಿಯಲ್ಲಿ ತೇರಗಾಂವದ ಬಸ್ಸು ಹಾರ್ನ್ ಹೊಡೆದು ಅವರನ್ನು ದಾಟಿಹೋಯಿತು. ಉದಯಕುಮಾರ ಅವಸರ ಮಾಡಲಿಲ್ಲ.

“ತಗ್ಗು ಬಂತು. ಗಟ್ಟಿ ಹಿಡ್ಕೊ.”

ಸುಮಿತಾ ಅವನ ಬೆನ್ನಿಗೆ ಕೆನ್ನೆ ಇಟ್ಟಳು. “ಹಿಡದೇನಿ. ನೀವು ಹೊಡೀರಿ.”