ಹುಲಿಯಾನ ಎರಡನೆಯ ಹೆಸರು

ಕತ್ತಿಯ ತುದಿ ನನ್ನ ಕುತ್ತಿಗೆಗೆ ತಾಗಿತ್ತು. ಬೆನ್ನಿಗೆ ಜೀಪಿನ ಬಿಸಿ ಬಾನೆಟ್.

"ಫೋನ್ ಕೊಡು," ಎಂದ ಗಜಾನನ. "ಇಲ್ದಿದ್ರೆ ಅದ್ರ ಸಂಗಡ ನೀನೂ ಹೊಳಿಗೆ ಹೋಗ್ತಿ."

ಅರವತ್ತೈದರ ಆಸಾಮಿ. ಕೈ ಮಾತ್ರ ಅಲುಗಲಿಲ್ಲ. ಹಿಂದೆ ಇಬ್ಬರು ಆಳುಗಳು. ಹತ್ತು ಹೆಜ್ಜೆ ದೂರದಲ್ಲಿ ಗಂಗಾವಳಿ ತುಂಬಿ ಹರಿಯುತ್ತಿತ್ತು.

ಕಾರವಾರದಲ್ಲಿ ಹದಿನೆಂಟು ವರ್ಷ ಪೊಲೀಸ್ ಕೆಲಸ ಮಾಡಿದವನು ನಾನು. ಈಗ ಕಾಣೆಯಾದವರನ್ನು ಹುಡುಕಿಕೊಡುತ್ತೇನೆ. ಆದರೆ ಎಂಬತ್ತು ವರ್ಷದ ಹಿಂದೆ ಕಾಣೆಯಾದವನ ಕೇಸು... ಅದೇ ಮೊದಲು.

ಕೇಸು ತಂದವಳು ಮಂಜಗುಣಿಯ ಹೊನ್ನಜ್ಜಿ. ಎಂಬತ್ತೆರಡು ವಯಸ್ಸು. ಅವಳು ಹೊಟ್ಟೆಯಲ್ಲಿದ್ದಾಗಲೇ ಅಪ್ಪ ಹುಲಿಯಾ ಬರ್ಮಾ ಯುದ್ಧಕ್ಕೆ ಹೋದ. ಆಮೇಲೆ ಬಂದದ್ದು ತಂತಿ: ನಾಪತ್ತೆ. ಅವಳ ಹತ್ತಿರ ಇದ್ದದ್ದು ಒಂದೇ ಫೋಟೊ. ಸಿಪಾಯಿ ದಿರಿಸು. ಎಡಗಿವಿ ಅರ್ಧ ಇಲ್ಲ... ಚಿಕ್ಕಂದಿನಲ್ಲಿ ನಾಯಿ ಕಚ್ಚಿದ್ದಂತೆ.

ಹುಲಿಯಾನ ಜೊತೆ ಹೋದವನು ಕಾರವಾರದ ಶಾಂತಾರಾಮ. ಹಿಂದೆ ಮುಂದೆ ಯಾರೂ ಇಲ್ಲದವನು. ಅವನು ಮಾತ್ರ ತಿರುಗಿ ಬಂದು, ಸಿಪಾಯಿಗಳಿಗೆಂದು ಸರ್ಕಾರ ಕೊಟ್ಟ ಜಮೀನು ಪಡೆದು ರಾಮನಗುಳಿಯಲ್ಲಿ ನೆಲೆಸಿದ ಎಂದು ಹಳೆಯ ಕಡತದಲ್ಲಿತ್ತು. ಹುಲಿಯಾ ಹೇಗೆ ಸತ್ತ ಎಂದು ಅವನ ಮನೆಯವರಿಗಾದರೂ ಗೊತ್ತಿರಬಹುದು... ಬೆಳಿಗ್ಗೆ ಅಲ್ಲಿಗೆ ಹೋದೆ.

ಜಗಲಿಯ ಗೋಡೆಯಲ್ಲಿ ಶಾಂತಾರಾಮನ ಫೋಟೊ. ಮಾಲೆ ಹಾಕಿದ್ದರು.

ಎಡಗಿವಿ ಅರ್ಧ ಇರಲಿಲ್ಲ!

ಮೊಬೈಲಿನಲ್ಲಿ ಕ್ಲಿಕ್ಕಿಸಿದೆ. ಮಗ ಗಜಾನನ ನೋಡಿಬಿಟ್ಟ. ಬೈಕ್ ಹತ್ತಿದೆ. ಅಂಕೋಲೆ ದಾಟಿದರೂ ಅವನ ಜೀಪು ಬೆನ್ನು ಬಿಡಲಿಲ್ಲ. ಮಂಜಗುಣಿಯಲ್ಲಿ, ಹೊನ್ನಜ್ಜಿಯ ಮನೆ ಇನ್ನೇನು ಬಂತು ಅನ್ನುವಾಗ ಬೈಕಿಗೆ ಗುದ್ದಿತು. ಈಗ ಕುತ್ತಿಗೆಗೆ ಕತ್ತಿ.

"ಯುದ್ಧದಲ್ಲಿ ಸತ್ತವ ಶಾಂತಾರಾಮ," ಎಂದೆ. "ಅವನ ಕಾಗದ ಹಿಡ್ಕಂಡು ಬಂದವ ಹುಲಿಯಾ. ನಿಮ್ಮಪ್ಪ."

ಗಜಾನನ ಬಾಯಿಬಿಟ್ಟ. ಅಪ್ಪ ಪಲ್ಟಣ ಬಿಟ್ಟು ಓಡಿಬಂದಿದ್ದನಂತೆ. ಸ್ವಂತ ಹೆಸರಿನಲ್ಲಿ ಊರಿಗೆ ಬಂದರೆ ಜೈಲು. ಸಾಯುವ ಹಿಂದಿನ ದಿನ ಮಗನಿಗೆ ಹೇಳಿದ್ದು ಅಷ್ಟೇ. ಜಮೀನು, ಮನೆ, ಮಕ್ಕಳ ಸರ್ಟಿಫಿಕೇಟು... ಎಲ್ಲವೂ ಸತ್ತವನ ಹೆಸರಿನ ಮೇಲೆ ನಿಂತಿದ್ದವು.

"ಇದು ಹೊರಗೆ ಬಂದ್ರೆ ನಾವೆಲ್ಲ ಯಾರು, ಹೇಳು?"

ಕತ್ತಿ ಒತ್ತಿತು. ಬಿಸಿಯಾಗಿ ಏನೋ ಕಾಲರಿನೊಳಗೆ ಇಳಿಯಿತು.

"ತೆಗೀ ಅದ್ನ."

ಹೊನ್ನಜ್ಜಿ! ಗುದ್ದಿದ ಸದ್ದಿಗೆ ಕೋಲೂರಿಕೊಂಡು ಬಂದಿದ್ದಳು. ನಾವಾಡಿದ್ದು ಕಿವಿಗೆ ಬಿದ್ದಿತ್ತು. ಗಜಾನನನ ಮುಖವನ್ನೇ ನೋಡಿದಳು. ಅಪ್ಪ ತೀರಿಹೋದದ್ದು ಯಾವಾಗ ಎಂದು ಕೇಳಿದಳು.

"ಎಂಬತ್ಮೂರನೇ ಇಸ್ವಿ."

ಅಜ್ಜಿ ಬೆರಳು ಮಡಚಿದಳು. ಅವಳ ಅವ್ವ ತೀರಿಹೋದದ್ದು ಎಪ್ಪತ್ತೊಂದರಲ್ಲಿ. ಕೊನೆಯ ದಿನದವರೆಗೂ ಹಣೆಗೆ ಕುಂಕುಮ ಇಟ್ಟಿದ್ದಳು. ಊರು ಅವಳನ್ನು ಹುಚ್ಚಿ ಎಂದಿತ್ತು.

"ಹಂಗಾರೆ ನಮ್ಮವ್ವ ಮುತ್ತೈದೆಯಾಗೇ ಹೋದ್ಲು," ಎಂದಳು ಅಜ್ಜಿ. "ಬಸ್ಸಿಗೆ ಒಂದು ತಾಸಿನ ದಾರಿ. ಒಂದಿನಾನೂ ಬರ್ಲಿಲ್ಲ ಅವ."

ಕತ್ತಿ ಕೆಳಗಿಳಿದಿತ್ತು. ಗಜಾನನ ಅದನ್ನು ಬಾನೆಟ್ ಮೇಲಿಟ್ಟ.

"ನಿಮ್ಗೆ... ಎಂತ ಹೇಳಿ ಕರೀಲಿ?"

"ಅಕ್ಕ ಅನ್ನು. ಅದ್ಕೆ ಕಾಗದ ಬೇಡ. ಒಳಗೆ ಬಾ."

ತಮ್ಮನಿಗೆ ಅಕ್ಕನ ಮನೆಯ ಚಹಾ ಸಿಕ್ಕಿತು. ನನಗೆ ಸಿಕ್ಕಿದ್ದು ಅಂಕೋಲೆಯ ಆಸ್ಪತ್ರೆಯಲ್ಲಿ ಮೂರು ಹೊಲಿಗೆ.